ಥೀಮ್ ಪಾರ್ಕ್ ಕೆಲಸಗಾರರ ಸಂಬಳ ಕಡಿಮೆ ಇರುವುದು ಅವರದೇ ತಪ್ಪಾ?

ಪ್ರಶ್ನೆ: ನಾವು ದಾವಣಗೆರೆಯವರು. ಈಗ ಕ್ಯಾಲಿಫೋರ್ನಿಯಾದ ಇರ್ವಿನ್‌ನಲ್ಲಿ ಇದ್ದೇವೆ. ಊರಿಂದ ಅತ್ತೆ-ಮಾವ ಬಂದಿದ್ದಾಗ ಒಂದು ಥೀಮ್ ಪಾರ್ಕ್‌ಗೆ ಹೋಗಿದ್ದೆವು. ಅಲ್ಲಿ ಟೇಬಲ್ ಒರೆಸುತ್ತಿದ್ದ ಹೆಂಗಸಿಗೆ ಐವತ್ತು ದಾಟಿರಬಹುದು. ನನ್ನ ಮಗಳು ಮಾತಾಡಿಸಿದಳು. ಅವರಿಗೆ ಎರಡು ಕಡೆ ಕೆಲಸ, ಬಾಡಿಗೆ ಕಟ್ಟಲಾಗದೆ ಇನ್ನೊಂದು ಕುಟುಂಬದ ಜೊತೆ ಮನೆ ಹಂಚಿಕೊಂಡಿದ್ದಾರೆ. ಅವತ್ತು ರಾತ್ರಿ ಮನೆಯಲ್ಲಿ ಇದೇ ವಾದ. ನಮ್ಮ ಯಜಮಾನರು, "ನಾನೂ ಏನೂ ಇಲ್ಲದ ಮನೆಯಿಂದ ಬಂದವನು. ಸಿಇಟಿ ಬರೆದು ಸೀಟು ತಗೊಂಡೆ, ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇಲ್ಲಿಗೆ ಬಂದೆ. ಓದದೆ ಇದ್ದವರಿಗೆ ಸಂಬಳ ಕಡಿಮೆ ಸಿಕ್ಕರೆ ಜವಾಬ್ದಾರಿ ಅವರದೇ" ಅಂದರು. ಮಗಳಿಗೆ ಸಿಟ್ಟು ಬಂತು. ಈಗ ಅವಳು ಬೇಸಿಗೆ ರಜೆಗೆ ಅಂಥದ್ದೇ ಕೆಲಸಕ್ಕೆ ಸೇರುತ್ತೇನೆ ಅಂತಿದ್ದಾಳೆ. ಇಬ್ಬರಲ್ಲಿ ಯಾರು ಸರಿ? ಅವಳನ್ನು ಕಳಿಸಬಹುದಾ?

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ನಿಜ ಇದೆ. ಕಷ್ಟಪಟ್ಟು ಓದಿ ಮೇಲೆ ಬಂದವರಿಗೆ "ಅದು ನಿಮ್ಮ ಸಾಧನೆ ಅಲ್ಲ" ಅಂದರೆ ಸಿಟ್ಟು ಬರುವುದು ಸಹಜ, ನಾನು ಹಾಗೆ ಹೇಳುವುದೂ ಇಲ್ಲ. ಆದರೆ ಅವತ್ತು ರಾತ್ರಿ ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರಲ್ಲೊಂದು ಸಿಕ್ಕಿಕೊಂಡಿವೆ. ಟೇಬಲ್ ಒರೆಸುವ ಕೆಲಸದಿಂದ ಯಾರು ಹೊರಗೆ ಬರುತ್ತಾರೆ ಅನ್ನುವುದು ಒಂದು. ಟೇಬಲ್ ಒರೆಸುವ ಕೆಲಸಕ್ಕೆ ಎಷ್ಟು ಸಂಬಳ ಇರಬೇಕು ಅನ್ನುವುದು ಇನ್ನೊಂದು. ಓದು, ಶಿಸ್ತು, ಉಳಿತಾಯ ಇವೆಲ್ಲ ಮೊದಲನೆಯದಕ್ಕೆ ಉತ್ತರ. ಎರಡನೆಯದನ್ನು ಇವು ಮುಟ್ಟುವುದೇ ಇಲ್ಲ. ಆ ಹೆಂಗಸು ನಾಳೆ ನರ್ಸಿಂಗ್ ಓದಿ ಆಸ್ಪತ್ರೆ ಸೇರಿದರು ಅಂತ ಇಟ್ಟುಕೊಳ್ಳಿ. ನಾಡಿದ್ದು ಆ ಟೇಬಲ್ ಒರೆಸಲು ಇನ್ನೊಬ್ಬರು ಬರಲೇಬೇಕು, ಅದೇ ಸಂಬಳಕ್ಕೆ.

ನೀವು ಹೋದ ಪಾರ್ಕ್ ಯಾವುದು ಅಂತ ಬರೆದಿಲ್ಲ, ಬೇಕಾಗಿಯೂ ಇಲ್ಲ. ನಾನು ನಿಮ್ಮ ಮನೆ ಹತ್ತಿರದ ಆನಹೈಮ್‌ನ ಡಿಸ್ನಿಲ್ಯಾಂಡ್ ಉದಾಹರಣೆ ತಗೊಳ್ಳುತ್ತೇನೆ. ಅಲ್ಲಿನ ಸಂಬಳದ ಜಗಳ ಬೀದಿಗೆ ಬಂತು, ಮತಪೆಟ್ಟಿಗೆಗೆ ಹೋಯಿತು, ಕೋರ್ಟಿಗೂ ಹೋಯಿತು. ಹಾಗಾಗಿ ಎಲ್ಲದಕ್ಕೂ ಸಾರ್ವಜನಿಕ ದಾಖಲೆ ಇದೆ.

2018ರಿಂದ ಶುರು ಮಾಡೋಣ. ಆಗ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕಂಪನಿಗಳಿಗೆ ಕನಿಷ್ಠ ವೇತನ ಗಂಟೆಗೆ 11 ಡಾಲರ್. ಪಾರ್ಕ್‌ನಲ್ಲಿ ಹೊಸದಾಗಿ ಸೇರುವ ಎಷ್ಟೋ ಜನರಿಗೆ ಸಿಗುತ್ತಿದ್ದುದು ಅದರ ಆಸುಪಾಸಿನಲ್ಲೇ. ಆ ವರ್ಷದ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನ ಆಕ್ಸಿಡೆಂಟಲ್ ಕಾಲೇಜು ಮತ್ತು ಎಕನಾಮಿಕ್ ರೌಂಡ್‌ಟೇಬಲ್ ಎಂಬ ಸಂಸ್ಥೆ ಸೇರಿ ಒಂದು ಸಮೀಕ್ಷೆ ಹೊರತಂದವು. ಸುಮಾರು 5,000 ನೌಕರರು ಉತ್ತರ ಕೊಟ್ಟಿದ್ದರು. ಪ್ರತಿ ತಿಂಗಳ ಮೂಲ ಖರ್ಚಿಗೆ ಸಂಬಳ ಸಾಲುವುದಿಲ್ಲ ಅಂದವರು ನೂರಕ್ಕೆ 73 ಜನ. ಹಿಂದಿನ ಎರಡು ವರ್ಷಗಳಲ್ಲಿ ಯಾವಾಗಲಾದರೂ ಮನೆಯಿಲ್ಲದೆ ಇದ್ದೆವು ಅಂದವರು ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಕಾರಿನಲ್ಲಿ, ಮೋಟೆಲ್‌ನಲ್ಲಿ, ಯಾರದೋ ಮನೆಯ ಸೋಫಾ ಮೇಲೆ ದಿನ ಕಳೆದವರು.

ಈ ಸಮೀಕ್ಷೆಗೆ ದುಡ್ಡು ಕೊಟ್ಟಿದ್ದು ಕಾರ್ಮಿಕ ಯೂನಿಯನ್‌ಗಳು. ಕಂಪನಿ ಇದನ್ನು ಅವೈಜ್ಞಾನಿಕ ಎಂದು ತಳ್ಳಿಹಾಕಿತು. ಸಂಕಟದಲ್ಲಿ ಇರುವವರೇ ಇಂಥ ಪ್ರಶ್ನೆಗಳಿಗೆ ಜಾಸ್ತಿ ಉತ್ತರ ಕೊಟ್ಟಿರಬಹುದು, ಆದ್ದರಿಂದ ಈ ಅಂಕಿಯನ್ನು ನಾನೂ ಹಾಗೇ ನುಂಗುವುದಿಲ್ಲ. ಅರ್ಧಕ್ಕೆ ಇಳಿಸಿ ನೋಡಿ. ನೂರಕ್ಕೆ ಐದು ಜನ. ಪ್ರಪಂಚದ ಅತಿ ಹೆಸರುವಾಸಿ ಪಾರ್ಕ್‌ನಲ್ಲಿ ಸಮವಸ್ತ್ರ ಹಾಕಿಕೊಂಡು ನಗುನಗುತ್ತಾ ಕೆಲಸ ಮಾಡುವವರಲ್ಲಿ ನೂರಕ್ಕೆ ಐದು ಜನ ಮನೆಯಿಲ್ಲದೆ ಒದ್ದಾಡಿದ್ದರೂ ಅದು ಸಣ್ಣ ವಿಷಯವೇ?

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇತ್ತು, ನನಗೆ ಅದೇ ಮುಖ್ಯ. ಬೆಲೆ ಏರಿಕೆ ಸರಿದೂಗಿಸಿ ನೋಡಿದರೆ ಗಂಟೆ ಲೆಕ್ಕದ ಸರಾಸರಿ ಸಂಬಳ 2000ದಲ್ಲಿ 15.80 ಡಾಲರ್ ಇದ್ದದ್ದು 2017ಕ್ಕೆ 13.36ಕ್ಕೆ ಇಳಿದಿತ್ತು. ಹದಿನೇಳು ವರ್ಷಗಳಲ್ಲಿ ನೂರಕ್ಕೆ 15ರಷ್ಟು ಕುಸಿತ. ಈ ಹದಿನೇಳು ವರ್ಷಗಳಲ್ಲಿ ಟಿಕೆಟ್ ಬೆಲೆ ನಲವತ್ತು ಚಿಲ್ಲರೆ ಡಾಲರ್‌ನಿಂದ ನೂರರ ಆಚೆ ಈಚೆಗೆ ಹೋಗಿತ್ತು. ನಿಮ್ಮ ಯಜಮಾನರನ್ನು ಒಂದು ಮಾತು ಕೇಳಿ. ಆನಹೈಮ್‌ನ ಸಾವಿರಾರು ಜನ ಈ ಹದಿನೇಳು ವರ್ಷಗಳಲ್ಲಿ ಎಲ್ಲರೂ ಒಟ್ಟಿಗೆ ನೂರಕ್ಕೆ ಹದಿನೈದರಷ್ಟು ಸೋಮಾರಿಗಳಾದರಾ?

ಈಗ ಮುಂದಿನ ಆರು ವರ್ಷ ನೋಡಿ. 2018ರ ಜುಲೈನಲ್ಲಿ ನಾಲ್ಕು ಯೂನಿಯನ್‌ಗಳ ಒಕ್ಕೂಟ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಕಡಿಮೆ ಅಂದರೂ ಗಂಟೆಗೆ 13.25 ಡಾಲರ್, 2019ರ ಜನವರಿಯಿಂದ 15. ರಾಜ್ಯದ ಕಾನೂನು ಆ 15ಕ್ಕೆ ಬಂದದ್ದು 2022ರಲ್ಲಿ. ಆಮೇಲೆ 2024ರ ಜುಲೈನಲ್ಲಿ ಅದೇ ಒಕ್ಕೂಟದ ಸುಮಾರು 14 ಸಾವಿರ ಜನರ ಪರವಾಗಿ ಮುಷ್ಕರದ ಮತದಾನ ನಡೆಯಿತು. ಓಟು ಹಾಕಿದವರಲ್ಲಿ ನೂರಕ್ಕೆ 99 ಜನ ಮುಷ್ಕರಕ್ಕೆ ಹೂಂ ಅಂದರು. ಮುಷ್ಕರ ನಡೆಯಲೇ ಇಲ್ಲ. ಕೆಲವೇ ದಿನಗಳಲ್ಲಿ ಹೊಸ ಒಪ್ಪಂದ ಆಯಿತು, ತಳದ ಸಂಬಳ 24 ಡಾಲರ್‌ಗೆ ಏರಿತು.

11ರ ಆಸುಪಾಸಿನಿಂದ 24. ಆ ಅವಧಿಯ ಬೆಲೆ ಏರಿಕೆ ನೂರಕ್ಕೆ 25ರಷ್ಟು. ಅದನ್ನು ಕಳೆದರೂ ದೊಡ್ಡ ಏರಿಕೆಯೇ. ಅದೇ ಕಸ, ಅದೇ ಟೇಬಲ್, ಅದೇ ಕ್ಯೂ, ಎಷ್ಟೋ ಕಡೆ ಅದೇ ಜನ. ಅವರಲ್ಲಿ ಯಾರೂ ರಾತ್ರೋರಾತ್ರಿ ಜಾಸ್ತಿ ಜವಾಬ್ದಾರಿ ಕಲಿತಿರಲಿಲ್ಲ. ಬದಲಾದದ್ದು ಮೂರು: ಯೂನಿಯನ್ ಬಲ, ಕಾನೂನು, ಮತ್ತೆ ಕೋವಿಡ್ ಮುಗಿದ ಮೇಲೆ ಕೆಲಸಗಾರರು ಸಿಗದೆ ಎಲ್ಲ ಕಂಪನಿಗಳೂ ಪರದಾಡಿದ್ದು. ಸಂಬಳ ಬರೀ ವ್ಯಕ್ತಿಯ ಗುಣದ ಮೇಲೆ ನಿಂತಿದ್ದರೆ ಹೀಗೆ ಆಗಲು ಸಾಧ್ಯವೇ ಇರಲಿಲ್ಲ.

ಇಲ್ಲಿ ಆನಹೈಮ್ ಊರಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಜವಾಬ್ದಾರಿ ಅನ್ನುವ ಮಾತು ಕಂಪನಿಗೂ ಅನ್ವಯಿಸುತ್ತದೆ, ಅಲ್ವಾ? 1996ರಲ್ಲಿ ಊರಿಗೂ ಕಂಪನಿಗೂ ಒಂದು ಒಪ್ಪಂದ ಆಯಿತು. ಕನ್ವೆನ್ಷನ್ ಸೆಂಟರ್ ದೊಡ್ಡದು ಮಾಡಲು, ರಸ್ತೆ ಸರಿ ಮಾಡಲು, ಪಾರ್ಕ್‌ಗೆ ಬರುವವರ ಕಾರು ನಿಲ್ಲಿಸಲು ಒಂದು ಭಾರೀ ಪಾರ್ಕಿಂಗ್ ಕಟ್ಟಡ ಕಟ್ಟಲು ಊರು ಬಾಂಡ್ ಮೂಲಕ ಸುಮಾರು 51 ಕೋಟಿ ಡಾಲರ್ ಸಾಲ ಎತ್ತಿತು. ಸುಮಾರು ಹತ್ತು ಸಾವಿರ ಕಾರು ಹಿಡಿಸುವ ಆ ಕಟ್ಟಡವನ್ನು ಕಂಪನಿಗೆ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಕೊಟ್ಟಿತು. ಪಾರ್ಕಿಂಗ್ ದುಡ್ಡು ಹೋಗುವುದು ಕಂಪನಿಗೆ. ನೀವು ಪಾರ್ಕಿಂಗ್‌ಗೆ ಎಷ್ಟು ಕೊಡುತ್ತೀರಿ ಅಂತ ನಿಮಗೇ ಗೊತ್ತು.

2018ರ ನವೆಂಬರ್‌ನಲ್ಲಿ ಆನಹೈಮ್ ಮತದಾರರು ಮೆಷರ್ ಎಲ್ ಎಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟರು. ಊರಿನಿಂದ ತೆರಿಗೆ ರಿಯಾಯಿತಿ ಪಡೆಯುವ ದೊಡ್ಡ ಪ್ರವಾಸಿ ಉದ್ಯಮಗಳು 2019ರಿಂದ ಕನಿಷ್ಠ 15 ಡಾಲರ್ ಕೊಡಬೇಕು, ವರ್ಷಕ್ಕೊಂದು ಡಾಲರ್ ಏರಿಸುತ್ತಾ 2022ಕ್ಕೆ 18 ಮಾಡಬೇಕು. ಚುನಾವಣೆಗೆ ಮೊದಲೇ ಕಂಪನಿ ತನ್ನ ಎರಡು ರಿಯಾಯಿತಿ ಒಪ್ಪಂದಗಳನ್ನು ರದ್ದು ಮಾಡಿ ಎಂದು ಊರನ್ನು ಕೇಳಿಕೊಂಡಿತ್ತು. ಹಾಗಾಗಿ ಈ ನಿಯಮ ನಮಗೆ ಅನ್ವಯಿಸುವುದಿಲ್ಲ ಅಂದಿತು. ನೌಕರರು 2019ರಲ್ಲಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋತರು. 2023ರಲ್ಲಿ ಮೇಲ್ಮನವಿ ಕೋರ್ಟ್, 1996ರ ಒಪ್ಪಂದವೇ ರಿಯಾಯಿತಿ ಎಂದು ತೀರ್ಪು ಕೊಟ್ಟಿತು. ರಾಜ್ಯದ ಸುಪ್ರೀಂ ಕೋರ್ಟ್ ಕೈಹಾಕಲು ಒಪ್ಪಲಿಲ್ಲ. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಕಂಪನಿ 23 ಕೋಟಿ 30 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು. ಸುಮಾರು 50 ಸಾವಿರ ಹಾಲಿ ಮತ್ತು ಮಾಜಿ ನೌಕರರಿಗೆ ಇದರಲ್ಲಿ ಪಾಲು. ಮತದಾರರು ತೀರ್ಮಾನ ಮಾಡಿ ಆರು ವರ್ಷ ಆಗಿತ್ತು. ಆ ಆರು ವರ್ಷ ಬಾಡಿಗೆ ಯಾರಿಗೂ ಕಾಯಲಿಲ್ಲ. ಈ ಭಾಗ ಹೇಳುವಾಗ ನನಗೆ ಇಂದಿಗೂ ಸಂಕಟ ಆಗುತ್ತದೆ.

ನಿಮ್ಮ ಯಜಮಾನರ ಸ್ವಂತ ಉದಾಹರಣೆಗೆ ಬರೋಣ. ಸಿಇಟಿ ಸೀಟು ಅವರ ಓದಿನ ಫಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಇಟಿ ಸೀಟಿನ ಫೀ ಕಡಿಮೆ ಇಟ್ಟಿದ್ದು ಸರ್ಕಾರ. ಎಚ್-1ಬಿ ವಿಷಯವಂತೂ ಇನ್ನೂ ಸ್ಪಷ್ಟ. ಆ ವೀಸಾದಲ್ಲಿ ಕರೆತರುವ ಕಂಪನಿ, ಆ ಊರಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದು ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಆ ಪತ್ರಕ್ಕೆ ಎಲ್‌ಸಿಎ ಅಂತಾರೆ, ನಿಮ್ಮ ಯಜಮಾನರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಂದರೆ ಸಾಫ್ಟ್‌ವೇರ್ ಎಂಜಿನಿಯರ್ ಸಂಬಳಕ್ಕೂ ಕಾನೂನು ಒಂದು ತಳ ಹಾಕಿದೆ. ಯಾಕೆ? ಹೊಸದಾಗಿ ಬಂದವರು ಕಷ್ಟಕ್ಕೆ ಸಿಕ್ಕಿ ಕಡಿಮೆಗೆ ಒಪ್ಪಿಕೊಂಡುಬಿಟ್ಟಾರು, ಅದರಿಂದ ಎಲ್ಲರ ಸಂಬಳವೂ ಇಳಿದೀತು ಅಂತ. ಟೇಬಲ್ ಒರೆಸುವವರು ಕೇಳುತ್ತಿರುವುದೂ ಇದನ್ನೇ.

ಅಮೆರಿಕದ ಕೇಂದ್ರ ಕಾನೂನಿನ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರ ಜುಲೈನಿಂದ ಒಂದು ಸೆಂಟೂ ಏರಿಲ್ಲ. ನಮ್ಮ ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆ ಇದೆ, ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಅದು ಸಾಲುತ್ತದಾ ಅನ್ನುವುದು ಬೇರೆ ಜಗಳ. ಆದರೆ ಬೆಲೆ ಏರಿದರೆ ಕೂಲಿಯೂ ಏರಬೇಕು ಅನ್ನುವ ತತ್ವವನ್ನಾದರೂ ನಾವು ಒಪ್ಪಿದ್ದೇವೆ. ಅಮೆರಿಕದಲ್ಲಿ ಕೆಲವು ರಾಜ್ಯಗಳು ಮಾತ್ರ ಒಪ್ಪಿವೆ.

ಹಾಗಾದರೆ ವ್ಯಕ್ತಿಯ ಜವಾಬ್ದಾರಿಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಗಂಟೆ ಲೆಕ್ಕದ ನೌಕರರ ಓದಿನ ಖರ್ಚನ್ನು ಡಿಸ್ನಿ ಕಂಪನಿ 2018ರಿಂದ ಆಸ್ಪೈರ್ ಎಂಬ ಯೋಜನೆಯಲ್ಲಿ ಕೊಡುತ್ತಿದೆ. ಪಟ್ಟಿಯಲ್ಲಿರುವ ಕಾಲೇಜುಗಳಲ್ಲಿ ಓದಿದರೆ ಪೂರ್ತಿ ಶುಲ್ಕ ಕಂಪನಿಯೇ ಕೊಡುತ್ತದೆ. ಇದು ಒಳ್ಳೆಯ ಯೋಜನೆ, ಕಂಪನಿಯನ್ನು ಇದಕ್ಕೆ ಹೊಗಳಲೇಬೇಕು. ಬಳಸಿಕೊಳ್ಳಬಹುದಾದ ಇಪ್ಪತ್ತೈದರ ಹುಡುಗ ಬಳಸಿಕೊಳ್ಳದೆ ಕೂತರೆ "ಎದ್ದು ಓದಪ್ಪಾ" ಅಂತ ನಾನೂ ಹೇಳುತ್ತೇನೆ. ಆದರೆ ಇಂಥ ಕೆಲಸದಲ್ಲಿ ಶಿಫ್ಟ್ ವಾರ ವಾರ ಬದಲಾಗುತ್ತದೆ. ಪಾರ್ಟ್ ಟೈಮ್ ಆದರೆ ಗಂಟೆಗಳೂ ಬದಲಾಗುತ್ತವೆ. ಯಾವಾಗ ಕರೆದರೂ ಬರುವವರಿಗೆ ಜಾಸ್ತಿ ಗಂಟೆ ಸಿಗುತ್ತದೆ, ನನಗೆ ಸಂಜೆ ಕ್ಲಾಸಿದೆ ಅನ್ನುವವರಿಗೆ ಕಡಿಮೆ. ಎರಡನೇ ಕೆಲಸ ಇದ್ದರಂತೂ ಓದಿಗೆ ಟೈಮ್ ಎಲ್ಲಿಂದ ಬರಬೇಕು? ಮೇಲಿನ ಹುದ್ದೆಗಳೂ ಎಷ್ಟೋ ಜನರಿಗೆ ಒಂದರಂತೆ ಇರುತ್ತವೆ. ಎಲ್ಲರೂ ಅರ್ಹರಾದರೂ ಎಲ್ಲರಿಗೂ ಬಡ್ತಿ ಸಿಗುವುದಿಲ್ಲ.

ಇನ್ನು ಉಳಿತಾಯದ ಮಾತು. 2020ರ ಮಾರ್ಚ್ 14ಕ್ಕೆ ಮುಚ್ಚಿದ ಡಿಸ್ನಿಲ್ಯಾಂಡ್ ಮತ್ತೆ ತೆರೆದದ್ದು 2021ರ ಏಪ್ರಿಲ್ 30ಕ್ಕೆ. ನಡುವೆ, ಸೆಪ್ಟೆಂಬರ್‌ನಲ್ಲಿ, ಅಮೆರಿಕದ ತನ್ನ ಪಾರ್ಕ್ ವಿಭಾಗದಲ್ಲಿ 28 ಸಾವಿರ ಜನರನ್ನು ತೆಗೆಯುವುದಾಗಿ ಕಂಪನಿ ಹೇಳಿತು. ಅವರಲ್ಲಿ ಮೂರನೇ ಎರಡು ಪಾಲು ಪಾರ್ಟ್ ಟೈಮ್ ನೌಕರರು. ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯದ ಸಂಬಳದಲ್ಲಿ ಒಂದು ವರ್ಷದ ಖರ್ಚು ಕೂಡಿಟ್ಟುಕೊಂಡಿರಬೇಕಿತ್ತು ಅನ್ನುವುದು ನ್ಯಾಯವಲ್ಲ.

"ಇಷ್ಟವಿಲ್ಲದಿದ್ದರೆ ಬೇರೆ ಕಡೆ ಹೋಗಲಿ" ಅನ್ನುವ ವಾದವೂ ಬಂದಿರಬೇಕು. ಹೋಗುವವರು ಹೋಗುತ್ತಾರೆ. ಆದರೆ ಪ್ರವಾಸೋದ್ಯಮವೇ ಊರಿನ ಜೀವಾಳವಾದ ಕಡೆ, ಬೇರೆ ಕಡೆ ಅಂದರೆ ಪಕ್ಕದ ಹೋಟೆಲ್ಲು, ಅದೇ ಸಂಬಳ. ಫ್ಲೋರಿಡಾದ ಒರ್ಲ್ಯಾಂಡೊ ಸುತ್ತ ಹಾಗೇ ಇದೆ. ಅಲ್ಲಿನ ಕಿಸ್ಸಿಮೀ ಊರಿನ ಹೆದ್ದಾರಿ 192ರ ಬದಿಯ ಮೋಟೆಲ್‌ಗಳಲ್ಲಿ ವಾರದ ಬಾಡಿಗೆ ಕಟ್ಟಿಕೊಂಡು ಮಕ್ಕಳ ಜೊತೆ ವರ್ಷಗಟ್ಟಲೆ ಇರುವ ದುಡಿಯುವ ಕುಟುಂಬಗಳಿವೆ. ಅದೇ ಕಂಪನಿಯ ಡಿಸ್ನಿ ವರ್ಲ್ಡ್ ಪಾರ್ಕ್‌ಗೆ ಹೋಗುವ ದಾರಿಯೇ ಅದು. 2020ರ ನವೆಂಬರ್‌ನಲ್ಲಿ ಫ್ಲೋರಿಡಾದ ಮತದಾರರು ಕನಿಷ್ಠ ವೇತನವನ್ನು ಹಂತ ಹಂತವಾಗಿ 2026ರ ಸೆಪ್ಟೆಂಬರ್ ಕೊನೆಗೆ 15 ಡಾಲರ್ ಮಾಡಲು ಒಪ್ಪಿದರು. ಅದಕ್ಕೆ ನೂರಕ್ಕೆ 60 ಮತ ಬೇಕಿತ್ತು, ಸ್ವಲ್ಪ ಜಾಸ್ತಿಯೇ ಬಿತ್ತು. ಅದೇ ದಿನ ಅದೇ ಜನ ಅಧ್ಯಕ್ಷ ಚುನಾವಣೆಯಲ್ಲಿ ತಮ್ಮ ರಾಜ್ಯದಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿದ್ದರು. ಹಾಗಾಗಿ ಇದನ್ನು ಎಡ-ಬಲದ ಜಗಳ ಅಂತ ಸುಮ್ನೆ ತಳ್ಳಿಹಾಕಬೇಡಿ. ಡಿಸ್ನಿ ವರ್ಲ್ಡ್‌ನ ಯೂನಿಯನ್‌ಗಳು ಆ ಕಾನೂನಿಗೂ ಕಾಯಲಿಲ್ಲ. 2023ರ ಫೆಬ್ರುವರಿಯಲ್ಲಿ ಕಂಪನಿಯ ಮೊದಲ ಪ್ರಸ್ತಾಪವನ್ನು ಸದಸ್ಯರು ಭಾರೀ ಬಹುಮತದಿಂದ ತಿರಸ್ಕರಿಸಿದರು. ಮುಂದಿನ ತಿಂಗಳು ಆದ ಒಪ್ಪಂದದಲ್ಲಿ ಆ ವರ್ಷದ ಕೊನೆಗೆ ಕನಿಷ್ಠ 18 ಡಾಲರ್ ಎಂದಾಯಿತು.

ನಿಮ್ಮ ಮಗಳಿಗೂ ಒಂದು ಮಾತು ಹೇಳಬೇಕು. ಸಿಟ್ಟಿನಲ್ಲಿ ಅವಳು ಸಿಇಒ ಸಂಬಳದ ಮಾತು ತೆಗೆದಿರುತ್ತಾಳೆ. 2018ರಲ್ಲಿ ಡಿಸ್ನಿ ಸಿಇಒ ಬಾಬ್ ಐಗರ್ ಅವರಿಗೆ ಸಿಕ್ಕಿದ್ದು 6 ಕೋಟಿ 56 ಲಕ್ಷ ಡಾಲರ್, ಕಂಪನಿಯ ಸಂಬಳದ ಸಾಲಿನಲ್ಲಿ ನಟ್ಟನಡುವೆ ಬರುವ ನೌಕರನ ಸಂಬಳದ 1,424 ಪಟ್ಟು. ಡಿಸ್ನಿ ವಂಶದವರೇ ಆದ ಅಬಿಗೇಲ್ ಡಿಸ್ನಿ ಕೂಡ ಇದನ್ನು ಬಹಿರಂಗವಾಗಿ ಖಂಡಿಸಿದರು. ನನಗೂ ಇದು ಸರಿ ಕಾಣುವುದಿಲ್ಲ. ಆದರೆ ಆ ದುಡ್ಡನ್ನು ಕಂಪನಿಯ ಎರಡು ಲಕ್ಷ ನೌಕರರಿಗೆ ಹಂಚಿದರೆ ತಲಾ 330 ಡಾಲರ್ ಕೂಡ ಬರುವುದಿಲ್ಲ, ಅದೂ ಇಡೀ ವರ್ಷಕ್ಕೆ. ನೋಡಬೇಕಾದ ಲೆಕ್ಕ ಬೇರೆ. ಅದೇ ವರ್ಷ ಪಾರ್ಕ್ ಮತ್ತು ರೆಸಾರ್ಟ್ ವಿಭಾಗದ ಕಾರ್ಯಾಚರಣೆ ಲಾಭ ಸುಮಾರು 450 ಕೋಟಿ ಡಾಲರ್. ಸಂಬಳ ಏರಿಸುವ ಶಕ್ತಿ ಅಲ್ಲಿತ್ತು.

ಸಂಬಳ ಏರಿಸಿದರೆ ಟಿಕೆಟ್ ಬೆಲೆ ಏರುತ್ತದೆ ಅಂತಾರೆ. ಸ್ವಲ್ಪ ಏರಬಹುದು. ಆದರೆ ಮೇಲೆ ಹೇಳಿದಂತೆ, ಸಂಬಳ ಇಳಿಯುತ್ತಿದ್ದ ಕಾಲದಲ್ಲೂ ಟಿಕೆಟ್ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಜನ ಎಷ್ಟು ಕೊಡಲು ತಯಾರಿದ್ದಾರೋ ಅಷ್ಟು ಇಡುತ್ತಾರೆ, ಟೇಬಲ್ ಒರೆಸುವವರ ಸಂಬಳ ನೋಡಿಕೊಂಡು ಅಲ್ಲ. ಕೌಂಟರ್ ತೆಗೆದು ಮೊಬೈಲ್ ಆರ್ಡರ್ ತರುತ್ತಾರೆ, ಗಂಟೆ ಕಡಿಮೆ ಮಾಡುತ್ತಾರೆ ಅನ್ನುವ ಭಯಕ್ಕೆ ಇದಕ್ಕಿಂತ ಜಾಸ್ತಿ ಅರ್ಥ ಇದೆ. ಅದಕ್ಕೇ ಒಳ್ಳೆಯ ಯೂನಿಯನ್‌ಗಳು ಗಂಟೆಯ ಸಂಬಳದ ಜೊತೆಗೆ ಎಷ್ಟು ಗಂಟೆ ಅನ್ನುವುದಕ್ಕೂ ಜಗ್ಗಾಡುತ್ತವೆ.

24 ಡಾಲರ್‌ನಿಂದಲೂ ಎಲ್ಲ ಸರಿಹೋಗಿಲ್ಲ. ವಾರಕ್ಕೆ 40 ಗಂಟೆ ವರ್ಷವಿಡೀ ಸಿಕ್ಕರೆ ತಿಂಗಳಿಗೆ 4,160 ಡಾಲರ್, ತೆರಿಗೆಗೆ ಮೊದಲು. ನಿಮ್ಮ ಆರೆಂಜ್ ಕೌಂಟಿ ಜಿಲ್ಲೆಯಲ್ಲಿ ಒಂದು ಬೆಡ್‌ರೂಮಿನ ಮನೆಯ ಬಾಡಿಗೆಯೇ ತಿಂಗಳಿಗೆ 2,000 ಡಾಲರ್ ದಾಟುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಮನೆ ಕಟ್ಟಲು ಬಿಡದ ಊರುಗಳ ನಿಯಮ ಇದಕ್ಕೆ ದೊಡ್ಡ ಕಾರಣ. ಆ ಪಾಲನ್ನು ಕಂಪನಿಯ ತಲೆಗೆ ಕಟ್ಟುವುದು ತಪ್ಪು. ಹೊಸ ಅಪಾರ್ಟ್‌ಮೆಂಟ್ ನಮ್ಮ ಬೀದಿಗೆ ಬೇಡ ಎಂದು ಸಭೆಯಲ್ಲಿ ಕೈ ಎತ್ತುವ ಮನೆಮಾಲೀಕರದೂ ಇದರಲ್ಲಿ ಪಾಲಿದೆ, ನಮ್ಮವರೂ ಅವರಲ್ಲಿದ್ದಾರೆ.

ಇನ್ನು ಮಗಳ ಕೆಲಸ. ಮೊದಲು ವೀಸಾ ನೋಡಿ. ಅವಳು ನಿಮ್ಮ ಜೊತೆ ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಇದ್ದರೆ ಸಂಬಳದ ಕೆಲಸ ಮಾಡುವಂತಿಲ್ಲ, ಬೇಸಿಗೆ ರಜೆಗೂ ಇಲ್ಲ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ ಧಾರಾಳವಾಗಿ ಕಳಿಸಿ. ಸಾವಿರಾರು ಜನರ ಜೊತೆ ತಾಳ್ಮೆಯಿಂದ ಮಾತಾಡುವುದು, ಸುಸ್ತಾದಾಗಲೂ ಕೆಲಸ ಕೆಡಿಸದೆ ಇರುವುದು ಕಾಲೇಜಿನಲ್ಲಿ ಕಲಿಸದ ವಿದ್ಯೆ. ಆದರೆ ಅವಳಿಗೆ ಅದು ಬೇಸಿಗೆಯ ಖರ್ಚಿನ ದುಡ್ಡು. ಪಕ್ಕದಲ್ಲಿ ನಿಂತವರಿಗೆ ಅದೇ ಬಾಡಿಗೆ, ಅದೇ ಮಕ್ಕಳ ಊಟ. ಅವರು ಹೆಚ್ಚುವರಿ ಶಿಫ್ಟ್‌ಗಾಗಿ ಕಾಯುತ್ತಿದ್ದರೆ ಅವಳು ಅದಕ್ಕೆ ಪೈಪೋಟಿ ಮಾಡದಿರಲಿ.

ಸೇರುವ ಮೊದಲು ಕೇಳಬೇಕಾದದ್ದು: ವಾರಕ್ಕೆ ಕಡಿಮೆ ಅಂದರೆ ಎಷ್ಟು ಗಂಟೆ, ಶಿಫ್ಟ್ ಪಟ್ಟಿ ಎಷ್ಟು ದಿನ ಮೊದಲು ಕೊಡುತ್ತೀರಿ, ಯೂನಿಯನ್ ಇದೆಯಾ, ವಂತಿಗೆ ಎಷ್ಟು. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಐದು ಗಂಟೆಗಿಂತ ಜಾಸ್ತಿ ದುಡಿದರೆ ಅರ್ಧ ಗಂಟೆ ಊಟದ ಬಿಡುವು, ನಾಲ್ಕು ಗಂಟೆಗೊಮ್ಮೆ ಸಂಬಳ ಸಹಿತ ಹತ್ತು ನಿಮಿಷದ ಬಿಡುವು ಅವಳ ಹಕ್ಕು. ಆರು ಗಂಟೆ ದಾಟದ ಶಿಫ್ಟ್ ಆದರೆ, ಕಂಪನಿಯೂ ಅವಳೂ ಒಪ್ಪಿದಾಗ ಮಾತ್ರ, ಊಟದ ಬಿಡುವು ಬಿಡಬಹುದು. ದಿನಕ್ಕೆ ಎಂಟು ಗಂಟೆ ದಾಟಿದರೆ ಓವರ್‌ಟೈಮ್, ಒಂದೂವರೆ ಪಟ್ಟು. ಕರೆಸಿಕೊಂಡು "ಇವತ್ತು ಜನ ಕಡಿಮೆ, ಹೋಗು" ಅಂದರೆ ಸಾಮಾನ್ಯವಾಗಿ ಆ ದಿನದ ಶಿಫ್ಟ್‌ನ ಅರ್ಧದಷ್ಟು ಸಂಬಳ ಕೊಡಬೇಕು, ಎರಡು ಗಂಟೆಗಿಂತ ಕಡಿಮೆ ಇಲ್ಲ, ನಾಲ್ಕು ಗಂಟೆ ಮೀರಬೇಕಿಲ್ಲ. ಬಂದ ಹೊತ್ತು, ಹೋದ ಹೊತ್ತು ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ. ಮೊದಲ ಸಂಬಳದ ಚೀಟಿ ಬಂದಾಗ ಅಪ್ಪ-ಮಗಳು ಇಬ್ಬರೂ ಕೂತು ಆ ಗಂಟೆಗಳ ಜೊತೆ ತಾಳೆ ನೋಡಲಿ. ವ್ಯತ್ಯಾಸ ಕಂಡರೆ ಮೊದಲು ಮೇಲ್ವಿಚಾರಕರಿಗೆ ಬರೆದು ತಿಳಿಸಿ. ಸರಿಹೋಗದಿದ್ದರೆ ಯೂನಿಯನ್ ಪ್ರತಿನಿಧಿ, ಅದೂ ಇಲ್ಲದಿದ್ದರೆ ರಾಜ್ಯದ ಲೇಬರ್ ಕಮಿಷನರ್ ಕಚೇರಿ. ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.